ದಿವೆ ಘಾಟ್ ಮತ್ತು ಆರು ರೋಲರ್

ನನ್ನ ಅಕ್ಕನ ಮಗ ಪುಣೆಯ ಹಡಪ್ಸರದಲ್ಲಿರುತ್ತಾನೆ. ಅವನ ಹತ್ತಿರ 125 ಸಿಸಿಯ ಒಂದು ಸ್ಪೋರ್ಟ್ಸ್ ಸ್ಕೂಟರ್ ಇದೆ. ಜೇಜುರಿಯ ಖಂಡೋಬಾ ಅಂದರೆ ನಮ್ಮ ಮೈಲಾರಲಿಂಗನೇ ಅಲ್ವಾ, ಊರಿಂದ ಯಾರೇ ಬಂದರೂ ಹಿಂದೆ ಕೂರಿಸಿಕೊಂಡು ದಿವೆ ಘಾಟ್ ಅನ್ನುವ ಏರುದಾರಿ ಹತ್ತಿ ಸಾಸವಡದ ಮೇಲೆ ಅಲ್ಲಿಗೆ ಹೊರಡುತ್ತಾನೆ. ಹೋದ ತಿಂಗಳು ಬಂದವನೇ "ಮಾಮಾ, ದಿವೆ ಘಾಟ್‌ನ್ಯಾಗ ಇದಕ್ಕ ದಮ್ಮ ಹತ್ತತೈತಿ, ಸೈಲೆನ್ಸರ್ ಬದಲಿ ಮಾಡಸ್ತೀನಿ" ಅಂದ. ಯಾವುದೋ ಅಂಗಡಿಯವರು ಹಾಗೆ ಹೇಳಿದ್ದರಂತೆ. ಬೇಡ, ಮೊದಲು ಎಡಗಡೆ ಕವರ್ ಬಿಚ್ಚೋಣ ಅಂದೆ.

ಆ ಕವರಿನ ಒಳಗೆ ಎರಡು ಪುಲ್ಲಿ, ಒಂದು ಬೆಲ್ಟ್. ಮುಂದಿನ ಪುಲ್ಲಿ ಎಂಜಿನ್ನಿಗೆ ಸೇರಿದ್ದು, ಹಿಂದಿನದು ಕ್ಲಚ್ಚಿನ ಕಡೆಯದು. ಪುಲ್ಲಿ ಅಂದರೆ ಎದುರುಬದುರು ಇಟ್ಟ ಎರಡು ತಟ್ಟೆಗಳು. ತಟ್ಟೆಗಳು ಹತ್ತಿರ ಬಂದರೆ ಬೆಲ್ಟ್ ಅಂಚಿಗೆ ಏರುತ್ತದೆ, ದೂರ ಸರಿದರೆ ನಡುವಿಗೆ ಇಳಿಯುತ್ತದೆ. ಮುಂದೆ ಬೆಲ್ಟ್ ಅಂಚಿಗೆ ಏರಿದರೆ ಹಿಂದೆ ನಡುವಿಗೆ ಇಳಿಯುತ್ತದೆ, ಅದು ವೇಗದ ದೊಡ್ಡ ಗೇರ್; ತಿರುಗುಮುರುಗಾದರೆ ಏರಿಗೆ ಬೇಕಾದ ಸಣ್ಣ ಗೇರ್. ಗೇರ್ ಬದಲಾಗುವುದು ಹೀಗೆ, ಮೆಟ್ಟಿಲಿಲ್ಲದೆ. 1958ರಲ್ಲಿ ನೆದರ್ಲೆಂಡ್ಸ್‌ನ ಡಾಫ್ ಕಂಪನಿ ಇದೇ ಉಪಾಯದ ಕಾರನ್ನು ಜನರ ಮುಂದಿಟ್ಟಿತ್ತು. ನಮ್ಮಲ್ಲಿ 1980ರ ದಶಕದ ಕೈನೆಟಿಕ್ ಹೋಂಡಾ ಇದನ್ನು ಮನೆಮನೆಗೆ ತಂದಿತು.

ತಟ್ಟೆಗಳನ್ನು ತಳ್ಳುವವರು ಯಾರು? ಮುಂದಿನ ಪುಲ್ಲಿಯ ಬೆನ್ನ ಹಿಂದೆ ವೇರಿಯೇಟರ್ ಅಂತ ಇರುತ್ತದೆ, ಅದರ ಓರೆಯಾದ ಗೂಡುಗಳಲ್ಲಿ ಸಾಮಾನ್ಯವಾಗಿ ಆರು ಸಣ್ಣ ರೋಲರ್. ಎಂಜಿನ್ ಜೋರಾಗಿ ತಿರುಗಿದಷ್ಟೂ ಅವು ಹೊರಕ್ಕೆ ಸಿಡಿಯಲು ನೋಡುತ್ತವೆ, ಓರೆಯನ್ನು ಹತ್ತುತ್ತಾ ತಟ್ಟೆಯನ್ನು ತಳ್ಳುತ್ತವೆ. ಹಿಂದಿನ ಪುಲ್ಲಿಯಲ್ಲಿರುವ ದೊಡ್ಡ ಸ್ಪ್ರಿಂಗ್ ಇದಕ್ಕೆ ಎದುರು ಒತ್ತುತ್ತಿರುತ್ತದೆ. ಇವೆರಡರ ಜಗ್ಗಾಟದಲ್ಲಿ ಗೇರ್ ತೀರ್ಮಾನವಾಗುತ್ತದೆ, ಯಾವ ಕಂಪ್ಯೂಟರೂ ಇಲ್ಲದೆ. ನನಗೆ ಇದು ಇವತ್ತಿಗೂ ಬೆರಗು.

ಅವನ ರೋಲರ್‌ಗಳು ದುಂಡಗೇ ಇರಲಿಲ್ಲ. ಒಂದು ಮಗ್ಗುಲು ಸವೆದು ಚಪ್ಪಟೆ. ಘಾಟಿನಲ್ಲಿ ವೇಗ ಕುಸಿದಾಗ ರೋಲರ್ ಒಳಕ್ಕೆ ಉರುಳಿ ಬರಬೇಕು, ಆಗಲೇ ಬೆಲ್ಟ್ ಕೆಳಗಿಳಿದು ಸಣ್ಣ ಗೇರ್ ಸಿಗುತ್ತದೆ. ಚಪ್ಪಟೆ ರೋಲರ್ ಉರುಳದೆ ಅಲ್ಲೇ ತಡೆಯುತ್ತದೆ, ಎಂಜಿನ್ ದೊಡ್ಡ ಗೇರಿನಲ್ಲೇ ಏದುಸಿರು ಬಿಡುತ್ತದೆ. ದಮ್ಮು ಹತ್ತುತ್ತಿದ್ದದ್ದು ಇದಕ್ಕೇ!

ಪುಣೆಯಲ್ಲಿ ಗಾಡಿಯ ಬಿಡಿಭಾಗ ಸಿಗುವ ನಾನಾ ಪೇಠೆಗೆ ಹೋಗಿ ಹೊಸ ರೋಲರ್ ತಂದೆವು. ಆಗ ಅವನು ಕೇಳಿದ್ದು ಒಳ್ಳೆಯ ಪ್ರಶ್ನೆ: ಹಗುರವಾದದ್ದು ಹಾಕಿದರೆ ಪಿಕಪ್ ಜಾಸ್ತಿ ಆಗುತ್ತದಂತಲ್ಲ, ಯಾಕೆ?

ರೋಲರ್ ತಳ್ಳುವ ಬಲ ಅದರ ತೂಕಕ್ಕೆ ತಕ್ಕಂತೆ ಹೆಚ್ಚುತ್ತದೆ, ಎಂಜಿನ್ ವೇಗದ ವರ್ಗಕ್ಕೆ ತಕ್ಕಂತೆಯೂ ಹೆಚ್ಚುತ್ತದೆ. 12 ಗ್ರಾಂ ರೋಲರ್ ತೆಗೆದು 10 ಗ್ರಾಂನದು ಹಾಕಿದಿರಿ ಅನ್ನಿ. ಅಷ್ಟೇ ಬಲ ಬರಬೇಕಾದರೆ ಎಂಜಿನ್ ಸುಮಾರು 9.5 ಶೇಕಡಾ ಹೆಚ್ಚು ತಿರುಗಬೇಕು, ಅಂದರೆ ನಿಮಿಷಕ್ಕೆ 6000 ಸುತ್ತಿನಲ್ಲಿ ಆಗುತ್ತಿದ್ದ ಗೇರ್ ಬದಲಾವಣೆ ಈಗ 6570ರ ಹತ್ತಿರ ಆಗುತ್ತದೆ. ಆರೂ ಸೇರಿ ಕಡಿಮೆಯಾದದ್ದು ಬರೀ 12 ಗ್ರಾಂ, ಒಂದಿಪ್ಪತ್ತು ಶೇಂಗಾ ಬೀಜದ ತೂಕ! ಇಂಥ 125 ಸಿಸಿ ಎಂಜಿನ್ನುಗಳು ತಮ್ಮ ಪೂರ್ತಿ ಶಕ್ತಿ ಕೊಡುವುದು 7000 ಸುತ್ತಿನ ಆಸುಪಾಸಿನಲ್ಲಿ. ಹಗುರ ರೋಲರ್ ಹೊಸ ಶಕ್ತಿಯನ್ನೇನೂ ಹುಟ್ಟಿಸುವುದಿಲ್ಲ, ಎಂಜಿನ್ನನ್ನು ಅದರ ಶಕ್ತಿ ಇರುವ ಜಾಗಕ್ಕೆ ಹತ್ತಿರ ಇಡುತ್ತದೆ, ಅಷ್ಟೇ. ತೀರಾ ಹಗುರ ಮಾಡಿದರೆ ಎಂಜಿನ್ ಸುಮ್ನೆ ಅರಚುತ್ತದೆ, ಪೆಟ್ರೋಲ್ ಕುಡಿಯುತ್ತದೆ, ಪುಲ್ಲಿ ಪೂರ್ತಿ ಮುಚ್ಚುವುದರೊಳಗೆ ತನ್ನ ಮಿತಿ ಮುಟ್ಟುತ್ತದೆ.

ಟಾಪ್ ಸ್ಪೀಡಿನ ಆಸೆ ಇದ್ದವರು ಒಂದು ಲೆಕ್ಕ ನೋಡಿ. ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. 80 ಕಿ.ಮೀ.ನಿಂದ 90ಕ್ಕೆ ಹೋಗಲು ಗಾಳಿಗೇ 42 ಶೇಕಡಾ ಹೆಚ್ಚು ಶಕ್ತಿ ಬೇಕು. ಅಷ್ಟನ್ನು ಯಾವ ಸೈಲೆನ್ಸರ್ ಕೊಡುತ್ತದೆ? 2020ರ ಏಪ್ರಿಲ್‌ನಿಂದ ಬಂದ ಬಿಎಸ್6 (ಹೊಗೆಯ ಮಿತಿ ಬಿಗಿ ಮಾಡಿದ ನಿಯಮ) ಗಾಡಿಗಳಲ್ಲಿ ಹೊಗೆಯ ಆಮ್ಲಜನಕ ಅಳೆಯುವ ಸೆನ್ಸರ್ ಇರುತ್ತದೆ, ಅದಕ್ಕೆ ತಕ್ಕಂತೆ ಪೆಟ್ರೋಲ್ ಹೊಂದಿಸಿರುತ್ತಾರೆ, ಸೈಲೆನ್ಸರ್ ಬದಲಿಸಿದರೆ ಆ ಹೊಂದಾಣಿಕೆ ಕೆಡಬಹುದು. ಅದರ ಮೇಲೆ ಕಂಪನಿ ಕೊಟ್ಟದ್ದನ್ನು ಹೀಗೆ ಬದಲಿಸುವುದು ಕಾನೂನಿಗೂ ವಿರುದ್ಧ, ಅಕ್ಕಪಕ್ಕದ ಮನೆಯ ಮಕ್ಕಳ ನಿದ್ದೆಯೂ ಕೆಡುತ್ತದೆ.

ಬೆಲ್ಟಿನ ಅಗಲ ವರ್ನಿಯರ್‌ನಲ್ಲಿ ಅಳೆದೆವು, ಇನ್ನೂ ಮಿತಿಯೊಳಗಿತ್ತು. ಸವೆದು ಕಿರಿದಾದ ಬೆಲ್ಟ್ ಮುಂದಿನ ಪುಲ್ಲಿಯ ಅಂಚಿನವರೆಗೆ ಏರುವುದಿಲ್ಲ, ಸ್ಪೀಡ್ ಅಲ್ಲೇ ಹೋಗುತ್ತದೆ. ಗೂಡುಗಳನ್ನು ಒಣಬಟ್ಟೆಯಲ್ಲಿ ಒರೆಸಿದೆವು. ಗ್ರೀಸ್ ಹಚ್ಚಲು ಹೋಗಬೇಡಿ, ಬೆಲ್ಟಿಗೆ ತಾಗಿದರೆ ಜಾರುತ್ತದೆ.

ಕೊನೆಗೆ 12 ಗ್ರಾಂನ ಮೂರು, 10 ಗ್ರಾಂನ ಮೂರು ರೋಲರ್‌ಗಳನ್ನು ಒಂದು ಬಿಟ್ಟು ಒಂದು ಕೂರಿಸಿದೆವು. ಸರಾಸರಿ 11, ಸುತ್ತು ನಾಲ್ಕು ಶೇಕಡಾ ಮೇಲೆ. ಭಾನುವಾರ ಅವನ ಅಮ್ಮನನ್ನು ಕೂರಿಸಿಕೊಂಡೇ ಘಾಟ್ ಹತ್ತಿ, ಮೇಲೆ ನಿಂತು ಫೋನ್ ಮಾಡಿದ. "ಮಾಮಾ, ಎಲ್ಲೂ ನಿಲ್ಲಲಿಲ್ಲ." ಈಗ ಎರಡು ಟ್ಯಾಂಕ್ ಪೆಟ್ರೋಲ್ ಮುಗಿಯಲಿ, ಮೈಲೇಜ್ ಬರೆದಿಡು ಅಂತ ಹೇಳಿದ್ದೇನೆ.