ವಿಕ್ಟೋರಿಯಾ ಕಾಲದ ಕೈದಿಯ ಜಾಡು: ಮೊದಲು ಕೋರ್ಟು, ಆಮೇಲೆ ಜೈಲು

ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಜೈಲು ಕಂಡ ಮುತ್ತಜ್ಜನನ್ನು ಹುಡುಕಲು ಕೂತಾಗ ಸುಮ್ನೆ ಹೆಸರು ಟೈಪ್ ಮಾಡಬೇಡಿ. ಜಾನ್ ಸ್ಮಿತ್‌ಗಳ ಸಾಲೇ ಬಂದು ನಿಲ್ಲುತ್ತದೆ. ಕೇಸು ಯಾವ ಕೋರ್ಟಿನಲ್ಲಿ ನಡೆಯಿತು ಅನ್ನೋದನ್ನು ಮೊದಲು ಯೋಚಿಸಿ. ಕಾಗದ ಎಲ್ಲಿ ಸಿಗುತ್ತದೆ ಅನ್ನೋದನ್ನು ಅದೇ ಹೇಳುತ್ತದೆ.

ಕುಡಿದು ಗಲಾಟೆ ಮಾಡಿದಂಥ ಕೇಸನ್ನು ಮ್ಯಾಜಿಸ್ಟ್ರೇಟರೇ ಪೆಟಿ ಸೆಷನ್ಸ್ ಎಂಬ, ಜ್ಯೂರಿಯಿಲ್ಲದ ಸ್ಥಳೀಯ ಕೋರ್ಟಿನಲ್ಲಿ ಮುಗಿಸುತ್ತಿದ್ದರು. ಕಳ್ಳತನದ ಕೇಸುಗಳು ಹೆಚ್ಚಾಗಿ ವರ್ಷಕ್ಕೆ ನಾಲ್ಕು ಸಲ ಸೇರುವ ಕ್ವಾರ್ಟರ್ ಸೆಷನ್ಸ್‌ಗೆ ಬರುತ್ತಿದ್ದವು. ಇವೆರಡರ ದಾಖಲೆ ಉಳಿದಿದ್ದರೆ ಸಾಮಾನ್ಯವಾಗಿ ಆಯಾ ಕೌಂಟಿಯ ದಾಖಲೆ ಕಚೇರಿಯಲ್ಲಿರುತ್ತದೆ. ಕೊಲೆಯಂಥ ದೊಡ್ಡ ಅಪರಾಧ, ನ್ಯಾಯಾಧೀಶರು ಊರಿಂದೂರಿಗೆ ಬಂದು ನಡೆಸುತ್ತಿದ್ದ ಅಸೈಜ್ ಕೋರ್ಟಿಗೆ ಹೋಗುತ್ತಿತ್ತು. ಅದರ ಕಾಗದ ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿದೆ. ಲಂಡನ್ನಿನದೇ ಕೇಸಾದರೆ ಅಲ್ಲಿನ ದೊಡ್ಡ ಕ್ರಿಮಿನಲ್ ಕೋರ್ಟಾದ ಓಲ್ಡ್ ಬೇಲಿ ನೋಡಿ. ಅಲ್ಲಿನ 1674ರಿಂದ 1913ರವರೆಗಿನ ವಿಚಾರಣೆಯ ವರದಿಗಳನ್ನು ಆನ್‌ಲೈನಲ್ಲಿ ದುಡ್ಡು ಕೊಡದೆ ಓದಬಹುದು. ಆದರೆ ಆರೋಪಿ ತಪ್ಪೊಪ್ಪಿಕೊಂಡಿದ್ದರೆ ಅಲ್ಲಿ ಸಿಗೋದು ಒಂದೆರಡು ಸಾಲು ಮಾತ್ರ. ಆಗ ಆ ವಾರದ ಪತ್ರಿಕೆಯಲ್ಲಿ ಹುಡುಕಿ. ಕದ್ದದ್ದು ಏನು, ಯಾರ ಮನೆಯಿಂದ ಅನ್ನೋದು ಅಲ್ಲಿರಬಹುದು.

ಕೋರ್ಟು ಯಾವುದೆಂದು ಗೊತ್ತಿಲ್ವಾ? ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಎಚ್‌ಒ 27 ಎಂಬ ಸಂಖ್ಯೆಯ ಕ್ರಿಮಿನಲ್ ರಿಜಿಸ್ಟರುಗಳ ಸರಣಿ ತೆಗೆಯಿರಿ. 1805ರಿಂದ 1892ರವರೆಗೆ ಕೌಂಟಿವಾರು ಹೆಸರು, ಅಪರಾಧ, ತೀರ್ಪು ಎಲ್ಲ ಅದರಲ್ಲಿದೆ. ಆದರೆ ಇದು ಜ್ಯೂರಿಯ ಮುಂದೆ ಹೋಗಬೇಕಾದ ಕೇಸುಗಳ ಪಟ್ಟಿ. 1855ರ ಕಾನೂನು ಬಂದ ಮೇಲೆ ಐದು ಶಿಲಿಂಗ್ ಒಳಗಿನ ಕಳ್ಳತನವನ್ನು, ಆರೋಪಿ ಒಪ್ಪಿದರೆ, ಮ್ಯಾಜಿಸ್ಟ್ರೇಟರೇ ತೀರ್ಮಾನಿಸಬಹುದಿತ್ತು. ಹಾಗಾಗಿ ಇಲ್ಲಿ ಹೆಸರಿಲ್ಲ ಅಂದಮಾತ್ರಕ್ಕೆ ಜೈಲಿಗೆ ಹೋಗಿಲ್ಲ ಅಂದುಕೊಳ್ಳಬೇಡಿ.

ಜೈಲಿನ ವಿಷಯಕ್ಕೆ ಬಂದರೆ, ಶಿಕ್ಷೆ ಎಷ್ಟು ಅಂತ ನೋಡಿ. ಆರು ತಿಂಗಳೋ ವರ್ಷವೋ ಆಗಿದ್ದರೆ ಊರ ಹತ್ತಿರದ ಜೈಲು. ಪೀನಲ್ ಸರ್ವಿಟ್ಯೂಡ್ (ದುಡಿಮೆಯ ಜೊತೆಗಿನ ದೀರ್ಘ ಜೈಲು ಶಿಕ್ಷೆ) ಅಂತ ಬರೆದಿದ್ದರೆ ಪೆಂಟನ್‌ವಿಲ್, ಡಾರ್ಟ್‌ಮೂರ್, ಪೋರ್ಟ್‌ಲ್ಯಾಂಡ್‌ನಂಥ ಸರ್ಕಾರಿ ಜೈಲು. ಅಂಥವರಲ್ಲಿ ಅವಧಿಗೆ ಮೊದಲೇ ಷರತ್ತಿನ ಮೇಲೆ ಬಿಡುಗಡೆಯಾದವರಿಗೆ ಲೈಸೆನ್ಸ್ ಕೊಡುತ್ತಿದ್ದರು. ಜನ ಅದನ್ನು ಟಿಕೆಟ್ ಆಫ್ ಲೀವ್ ಅನ್ನುತ್ತಿದ್ದರು.

ನನ್ನ ಮಟ್ಟಿಗೆ ಇಡೀ ಹುಡುಕಾಟದಲ್ಲಿ ಸಿಗಬಹುದಾದ ದೊಡ್ಡ ನಿಧಿ ಈ ಲೈಸೆನ್ಸ್ ಕಡತ. ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಗಂಡಸರ ಸರಣಿಯ ಸಂಖ್ಯೆ ಪಿಸಿಒಎಂ 3, ಹೆಂಗಸರದು ಪಿಸಿಒಎಂ 4. ಎರಡೂ 1853ರಿಂದ ಶುರು. ಎತ್ತರ, ಕಣ್ಣಿನ ಬಣ್ಣ, ಕೈಮೇಲಿನ ಹಚ್ಚೆ, ಹಣೆಯ ಗಾಯದ ಗುರುತು ಎಲ್ಲ ಬರೆದಿರುತ್ತಾರೆ. ಕೆಲವು ಕಡತಗಳಲ್ಲಿ ಯಾರಿಗೆ ಕಾಗದ ಬರೆದ, ಯಾವ ಕಾಯಿಲೆ ಬಿದ್ದ ಅನ್ನೋದೂ ಇರುತ್ತದೆ. ನಂತರದ ಕಡತಗಳಲ್ಲಿ ಫೋಟೋ ಕೂಡ ಸಿಗಬಹುದು. ಮನೆಯಲ್ಲಿ ಒಂದೂ ಚಿತ್ರ ಉಳಿಯದ ಬಡವನ ಮುಖ ಜೈಲಿನ ಕಾಗದದಲ್ಲಿ ಉಳಿದಿರುತ್ತದೆ, ಎಂಥಾ ಮಾತು ಅಲ್ವಾ!

ಅದರಲ್ಲಿ ಹಳೆಯ ಶಿಕ್ಷೆಗಳ ವಿವರ ಇದ್ದರೆ ತಪ್ಪದೆ ಬರೆದುಕೊಳ್ಳಿ. ತಾರೀಖು, ಕೋರ್ಟು, ಆಗ ಕೊಟ್ಟ ಸುಳ್ಳು ಹೆಸರು ಎಲ್ಲ ಅಲ್ಲಿಂದಲೇ ಸಿಗಬಹುದು. ಆ ಸುಳ್ಳು ಹೆಸರು ಹಿಡಿದು ಮತ್ತೆ ಎಚ್‌ಒ 27ಕ್ಕೆ ಹೋಗಿ. ಇವನೇ ನಮ್ಮವನು ಅನ್ನುವ ಮೊದಲು ವಯಸ್ಸು, ಹುಟ್ಟಿದೂರು, ಹೆಂಡತಿಯ ಹೆಸರನ್ನು ಜನಗಣತಿಯ ಹಾಳೆಯೊಂದಿಗೆ ಹೋಲಿಸಿ ನೋಡಿ.