ಬ್ಯಾಂಡ್ ಒಂದೇ ಬಂತು, ತಳಿಯೂ ಒಂದೇನಾ?

ಮುಂಗಾರಿಗೆ ಸ್ವಲ್ಪ ಮುಂಚೆ ಚಳ್ಳಕೆರೆ ಕಡೆಯ ಯಜಮಾನರೊಬ್ಬರು ನಮ್ಮ ಲ್ಯಾಬಿಗೆ ಬಂದರು. ಟವೆಲ್ಲಿನ ಎರಡು ತುದಿಗೆ ಎರಡು ಗಂಟು. ಒಂದರಲ್ಲಿ ಮನೆಯಲ್ಲೇ ಉಳಿಸಿಕೊಂಡು ಬಂದ ಟಿಎಂವಿ-2 ಶೇಂಗಾ. ಇನ್ನೊಂದರಲ್ಲಿ ತುಕ್ಕು ರೋಗ ತಡೆಯುತ್ತೆ ಅಂತ ಯಾರೋ ಮಾರಿದ ಜಿಪಿಬಿಡಿ-4. ಜೇಬಿನಲ್ಲೊಂದು ಚೀಟಿ. ಬೇರೆ ಕಡೆ ಆಗಲೇ ಡಿಎನ್‌ಎ ಪರೀಕ್ಷೆ ಮಾಡಿಸಿದ್ದರು. 3 ಮಾರ್ಕರ್ (ಡಿಎನ್‌ಎಯಲ್ಲಿ ಗುರುತಿಟ್ಟು ನೋಡುವ ಜಾಗ), ಮೂರರಲ್ಲೂ ಬ್ಯಾಂಡ್ (ಆ ಜಾಗದ ತುಣುಕು ತೋರಿಸುವ ಗೆರೆ) ಒಂದೇ, ಹಾಗಾಗಿ 'ಎರಡೂ ಒಂದೇ ತಳಿ' ಅಂತ ಬರೆದಿತ್ತು.

"ನಂಗೆ ಮೋಸ ಆಗೈತಲ್ವಾ ಮೇಡಂ?"

ಈ ತಪ್ಪು ಲೆಕ್ಕ ನೋಡಿ ನೋಡಿ ನನಗೆ ಸಾಕಾಗಿದೆ. ಬೀಜದ ವ್ಯಾಪಾರಿಗಳು ಮಾಡುತ್ತಾರೆ, ಎಂಎಸ್ಸಿ ಓದುವ ಮಕ್ಕಳೂ ಮಾಡುತ್ತಾರೆ. ಯಜಮಾನರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ನಾಯಕನಹಟ್ಟಿ ಜಾತ್ರೆಯಲ್ಲಿ ನಿಂತು "ತಿಪ್ಪೇಸ್ವಾಮೀ" ಅಂತ ಕೂಗಿ. ಎಷ್ಟು ಜನ ತಿರುಗಿ ನೋಡುತ್ತಾರೆ! ಹೆಸರು ಒಂದೇ ಅಂತ ಅವರೆಲ್ಲ ಒಬ್ಬರೇ ಆಗ್ತಾರಾ? ಅದೇ ಒಬ್ಬ ತಿಪ್ಪೇಸ್ವಾಮಿ, ಇನ್ನೊಬ್ಬ ಬಸವರಾಜ ಅಂದರೆ ಮುಗೀತು, ಇಬ್ಬರೂ ಬೇರೆ. ಮಾರ್ಕರ್ ಕೂಡ ಹಾಗೇ. ಬ್ಯಾಂಡ್ ಬೇರೆ ಬಂದರೆ ಬೀಜ ಬೇರೆ ಅನ್ನಬಹುದು, ಅದೂ ಇನ್ನೊಮ್ಮೆ ಪರೀಕ್ಷೆ ಓಡಿಸಿ ನೋಡಿದ ಮೇಲೆ. ಒಂದೇ ಬಂದರೆ, ಆ ಒಂದು ಜಾಗದಲ್ಲಿ ವ್ಯತ್ಯಾಸ ಕಾಣಲಿಲ್ಲ ಅಂತ ಅಷ್ಟೇ. ಮಿಕ್ಕ ಜಾಗದ ಮಾತು ಇನ್ನೂ ಬಾಕಿ.

ಶೇಂಗಾದಲ್ಲಂತೂ ಜಾಸ್ತಿ ಹುಷಾರಾಗಿರಬೇಕು. ಸಾವಿರಾರು ವರ್ಷಗಳ ಹಿಂದೆ ದಕ್ಷಿಣ ಅಮೆರಿಕದಲ್ಲಿ ಎರಡು ಕಾಡು ಜಾತಿಗಳು ಬೆರೆತು ಹುಟ್ಟಿದ ಗಿಡ ಇದು. ಕ್ರೋಮೋಸೋಮ್ 20 ಇದ್ದದ್ದು 40 ಆಯಿತು. ಆಮೇಲೆ ಕಾಡಿನ ನೆಂಟರ ಜೊತೆ ಸುಲಭವಾಗಿ ಬೆರೆಯಲಿಲ್ಲ. ಹಾಗಾಗಿ ನಮ್ಮ ಹೊಲದ ತಳಿಗಳ ಡಿಎನ್‌ಎಯಲ್ಲಿ ವ್ಯತ್ಯಾಸ ಕಮ್ಮಿ. ಸುಮ್ನೆ ಯಾವುದೋ 3 ಮಾರ್ಕರ್ ತೆಗೆದುಕೊಂಡರೆ ಒಂದೇ ಬ್ಯಾಂಡ್ ಬರುವುದು ದೊಡ್ಡ ವಿಷಯವೇ ಅಲ್ಲ. ಮಾರ್ಕರ್ ತಯಾರಿಸುವುದರಲ್ಲಿ ನಿಜವಾದ ಕಷ್ಟವೂ ಇದೇ. ಡಿಎನ್‌ಎಯಲ್ಲಿ ಜಿಎ-ಜಿಎ-ಜಿಎ ಅಂತ ಒಂದೇ ಅಕ್ಷರಗಳು ಮತ್ತೆ ಮತ್ತೆ ಬರುವ ಜಾಗ ಹುಡುಕುತ್ತೇವೆ. ಅದರ ಎರಡೂ ಬದಿಗೆ ಪ್ರೈಮರ್, ಅಂದರೆ ಆ ಜಾಗವನ್ನಷ್ಟೇ ನಕಲು ಮಾಡಿಸುವ ಡಿಎನ್‌ಎಯ ಚಿಕ್ಕ ತುಂಡು, ಕೂರಿಸುತ್ತೇವೆ. ಎಷ್ಟೋ ಜೋಡಿ ಪ್ರೈಮರ್ ಓಡಿಸಿದ ಮೇಲೆ, ಎರಡು ತಳಿಗಳ ನಡುವೆ ವ್ಯತ್ಯಾಸ ತೋರಿಸುವ ಕೆಲವು ಮಾತ್ರ ಕೈಗೆ ಉಳಿಯುತ್ತವೆ.

ಚೀಟಿಯ ಜೊತೆ ಜೆಲ್ ಫೋಟೋನೂ ಇತ್ತು. ಅಗರೋಸ್ ಜೆಲ್ (ಡಿಎನ್‌ಎ ತುಣುಕುಗಳನ್ನು ಉದ್ದ ನೋಡಿ ಬೇರ್ಪಡಿಸುವ ಲೋಳೆ ಹಾಳೆ), ದಪ್ಪ ದಪ್ಪ ಬ್ಯಾಂಡ್. ಒಂದು ಕಡೆ ಜಿಎ ಹತ್ತು ಸಲ, ಇನ್ನೊಂದು ಕಡೆ ಹನ್ನೊಂದು ಸಲ ಇದ್ದರೆ ವ್ಯತ್ಯಾಸ ಬರೀ 2 ಅಕ್ಷರ. ಅಗರೋಸ್‌ನಲ್ಲಿ ಅದು ಕಣ್ಣಿಗೆ ಸಿಗಲ್ಲ. ಅದೇ ಪ್ರೈಮರ್‌ಗಳನ್ನು, ಉದ್ದವನ್ನು ಇನ್ನೂ ಸೂಕ್ಷ್ಮವಾಗಿ ಅಳೆಯುವ ಕ್ಯಾಪಿಲರಿ ಯಂತ್ರದಲ್ಲಿ ಓಡಿಸಿದೆವು. ಮೂರರಲ್ಲಿ ಒಂದು ಬೇರೆ ಬಂತು.

ಅಷ್ಟಕ್ಕೇ ನಿಲ್ಲಿಸಲಿಲ್ಲ. ಜಿಪಿಬಿಡಿ-4 ಧಾರವಾಡದ ತಳಿ. ತುಕ್ಕು ತಡೆಯುವ ಗುಣ ಅದಕ್ಕೆ ಬಂದದ್ದು ಒಂದು ಕಾಡು ಶೇಂಗಾದಿಂದ. ಆ ಕಾಡು ಶೇಂಗಾದ ಡಿಎನ್‌ಎ ತುಣುಕಿಗೆ ಹತ್ತಿರ ಇರುವ ಮಾರ್ಕರ್‌ಗಳು ಗೊತ್ತಿವೆ. ಕೇಳಬೇಕಾದ್ದು ಅವನ್ನೇ, ಪಕ್ಕದಲ್ಲಿ ಖಾತ್ರಿ ಇರುವ ಜಿಪಿಬಿಡಿ-4 ಇಟ್ಟುಕೊಂಡು. ಎರಡನೇ ಗಂಟಿನ ಬೀಜಗಳನ್ನು ಒಟ್ಟಿಗೆ ಅರೆಯಲಿಲ್ಲ. ಮೊಳಕೆಯ ತುದಿ ಬಿಟ್ಟು, ಒಂದೊಂದರ ಹಿಂಬದಿಯಿಂದ ಚೂರೇ ಚೂರು ಕೆತ್ತಿಕೊಂಡೆವು. ಹಾಗೆ ಮಾಡಿದರೆ ಬೀಜ ಬಿತ್ತಲಿಕ್ಕೂ ಬರುತ್ತದೆ. 20 ಬೀಜಗಳಲ್ಲಿ 14 ಜಿಪಿಬಿಡಿ-4ಕ್ಕೆ ಹೊಂದಿದವು, 6 ಹೊಂದಲಿಲ್ಲ. ಬೆರಕೆ ಬೀಜ ಅಂತ ಕಾಣುತ್ತದೆ. ಬೆರೆತದ್ದು ಎಲ್ಲಿ ಅಂತ ನಾನು ಹೇಳಲಾರೆ.

"ಹಂಗಾರೆ ಆ 14ಕ್ಕೆ ತುಕ್ಕು ಬರಲ್ಲ ಅನ್ರಿ."

ಅದನ್ನೂ ನಾನು ಬರೆದುಕೊಡಲಿಲ್ಲ. ಮಾರ್ಕರ್ ಇರುವುದು ಜೀನ್ ಪಕ್ಕದಲ್ಲಿ. ಅಪರೂಪಕ್ಕೆ ಎರಡೂ ಬೇರೆಯಾಗುವುದುಂಟು. "ಯಜಮಾನ್ರೇ, ಇವನ್ನ ಬೇರೆ ಸಾಲಿಗೆ ಹಾಕಿ. 70 ದಿನ ಆದ ಮೇಲೆ ಎಲೆ ಮಗುಚಿ ಕೆಳಗಡೆ ಬೆರಳಾಡಿಸಿ. ಕೆಂಪು ಪುಡಿ ಕೈಗೆ ಹತ್ತುತ್ತಾ ನೋಡಿ" ಅಂದೆ. ಕೆತ್ತಿದ ಬೀಜಗಳನ್ನು ಟವೆಲ್ಲಿನ ಮೂರನೇ ತುದಿಗೆ ಕಟ್ಟಿಕೊಂಡು ಹೋದರು.