ಮೂಳೆಯ ಇಂಜೆಕ್ಷನ್‌ಗಳು: ನಿಲ್ಲಿಸಿದ ಮೇಲೆ ಏನಾಗುತ್ತದೆ?

ಫಾರ್ಮಕಾಲಜಿ ಪರೀಕ್ಷೆಗೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಸವೆದು ಸುಲಭವಾಗಿ ಮುರಿಯುವ ಕಾಯಿಲೆ, ಓದುವಾಗ ನಾವೆಲ್ಲ ಔಷಧಿ ಹೆಸರು, ಡೋಸ್, ಸೈಡ್ ಎಫೆಕ್ಟ್ ಅಂತ ಉರು ಹೊಡೆಯುತ್ತೇವೆ. ವಾರ್ಡಿಗೆ ಹೋದರೆ ಅಜ್ಜಿಯರು ಕೇಳುವುದೇ ಬೇರೆ. "ಇದನ್ನ ಎಷ್ಟು ದಿನ ಚುಚ್ಚಿಸ್ಕೋಬೇಕಮ್ಮ? ಆಮೇಲೆ ಬಿಡಬಹುದಾ?" ಒಂದೊಂದು ಇಂಜೆಕ್ಷನ್‌ಗೂ ಇದರ ಉತ್ತರ ಬೇರೆ ಬೇರೆ. ಹಾಗಾಗಿ ಈ ಪಾಠವನ್ನು ಆ ಪ್ರಶ್ನೆಯ ಕಡೆಯಿಂದಲೇ ಓದಿದರೆ ಸಲೀಸು ಅಂತ ನನ್ನ ಲೆಕ್ಕ.

ಮೊದಲು ಬುಡ ಸರಿ ಮಾಡಿಕೊಳ್ಳೋಣ. ಮೂಳೆಯಲ್ಲಿ ಕಾಮಗಾರಿ ಯಾವತ್ತೂ ನಿಲ್ಲುವುದಿಲ್ಲ, ನಮ್ಮ ಬೆಂಗಳೂರಿನ ರಸ್ತೆಗಳ ಹಾಗೆ. ಆಸ್ಟಿಯೋಕ್ಲಾಸ್ಟ್ ಅನ್ನುವ ಜೀವಕೋಶ ಅಗೆಯುತ್ತದೆ, ಆಸ್ಟಿಯೋಬ್ಲಾಸ್ಟ್ ಅನ್ನುವುದು ಹಿಂದೆಯೇ ಬಂದು ಮುಚ್ಚುತ್ತದೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿಯುತ್ತದೆ, ಅಗೆಯುವವರು ಜಾಸ್ತಿಯಾಗುತ್ತಾರೆ, ಮುಚ್ಚುವವರು ಹಿಂದೆ ಬೀಳುತ್ತಾರೆ. ಮುಂದೇನಾಗುತ್ತೆ ಅಂತ ನಮ್ಮೂರಿನವರಿಗೆ ಹೇಳಬೇಕಾ? ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿದ ಅಂಕ) ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಬಂದರೆ ಆಸ್ಟಿಯೋಪೊರೋಸಿಸ್. ಈ ಗೆರೆ ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಎಳೆದದ್ದು.

ಜೋಲೆಡ್ರೋನಿಕ್ ಆಸಿಡ್ ಸುಲಭದ್ದು. ವರ್ಷಕ್ಕೊಮ್ಮೆ 5 ಮಿಲಿಗ್ರಾಂ, ಡ್ರಿಪ್‌ನಲ್ಲಿ, ಕಡಿಮೆ ಅಂದರೂ 15 ನಿಮಿಷ. ಮೊದಲ ಸಲ ಹಾಕಿಸಿಕೊಂಡವರಿಗೆ ಒಂದೆರಡು ದಿನ ಜ್ವರ, ಮೈಕೈ ನೋವು ಬರಬಹುದು, ಮೊದಲೇ ಹೇಳಿಟ್ಟರೆ ಗಾಬರಿಯಾಗುವುದಿಲ್ಲ. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ತೋರಿಸುವ ಕ್ರಿಯಾಟಿನಿನ್ ಕ್ಲಿಯರೆನ್ಸ್ ನಿಮಿಷಕ್ಕೆ 35 ಮಿಲಿಲೀಟರ್‌ಗಿಂತ ಕಡಿಮೆ ಇದ್ದರೆ ಕೊಡುವ ಹಾಗಿಲ್ಲ. ಈ ಔಷಧಿ ಮೂಳೆಗೇ ಅಂಟಿಕೊಂಡು ಕೂತು ಅಗೆತ ತಡೆಯುತ್ತದೆ. ಡೋಸ್ ನಿಂತರೂ ಅದರ ಕೆಲಸ ತಟ್ಟನೆ ನಿಲ್ಲುವುದಿಲ್ಲ, ಹಾಗಾಗಿ ಮೂರು ವರ್ಷ ಕೊಟ್ಟ ಮೇಲೆ ಡಾಕ್ಟರ್ ಕೆಲವರಿಗೆ ಬಿಡುವು ಕೊಡುತ್ತಾರೆ.

ಡೆನೋಸುಮ್ಯಾಬ್ ಹಾಗಲ್ಲ. ಆರು ತಿಂಗಳಿಗೊಮ್ಮೆ 60 ಮಿಲಿಗ್ರಾಂ, ಚರ್ಮದ ಕೆಳಗೆ. ಅಗೆಯುವವರನ್ನು ಕೆಲಸಕ್ಕೆ ಕರೆಯುವ ರ‍್ಯಾಂಕ್ ಲೈಗ್ಯಾಂಡ್ ಅನ್ನುವ ಸಂದೇಶವನ್ನೇ ಈ ಆಂಟಿಬಾಡಿ ಹಿಡಿದಿಡುತ್ತದೆ. ಆದರೆ ಮೂಳೆಯಲ್ಲಿ ಉಳಿಯುವುದಿಲ್ಲ. ಡೋಸ್ ತಪ್ಪಿತು ಅಂದರೆ ಇಷ್ಟು ದಿನ ತಡೆದು ನಿಲ್ಲಿಸಿದವರೆಲ್ಲ ಒಟ್ಟಿಗೆ ನುಗ್ಗುತ್ತಾರೆ, ಗಳಿಸಿದ ಸಾಂದ್ರತೆ ಕರಗುತ್ತದೆ, ಕೆಲವರಿಗೆ ಬೆನ್ನುಮೂಳೆಯಲ್ಲಿ ಒಂದಲ್ಲ, ಒಟ್ಟೊಟ್ಟಿಗೆ ಎರಡು ಮೂರು ಕಡೆ ಮುರಿಯುತ್ತದೆ. ಬೆಂಗಳೂರಿನಲ್ಲಿ ಡೋಸ್ ತಪ್ಪುವುದಕ್ಕೆ ಒಂದು ಖಾಸಾ ಕಾರಣವಿದೆ. ಮಗಳ ಬಾಣಂತನಕ್ಕೆ ಅಂತ ಅಮೆರಿಕಕ್ಕೆ ಹೋಗುವ ಅಮ್ಮಂದಿರು! ಟಿಕೆಟ್, ಚಟ್ನಿಪುಡಿ, ಬಿಪಿ ಮಾತ್ರೆ ಎಲ್ಲ ಸೂಟ್‌ಕೇಸಿಗೆ ಹೋಗುತ್ತೆ, ಆರು ತಿಂಗಳ ಇಂಜೆಕ್ಷನ್ ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಹಿಂದಿನ ಡೋಸ್‌ನಿಂದ ಏಳು ತಿಂಗಳು ದಾಟಬಾರದು ಅಂತ ಗುರುತು ಹಾಕಿಕೊಳ್ಳಿ. ಬಿಡಲೇಬೇಕಾದರೆ ಡಾಕ್ಟರ್ ಸಾಮಾನ್ಯವಾಗಿ ಜೋಲೆಡ್ರೋನಿಕ್ ಆಸಿಡ್‌ನಂಥ ಬೇರೆ ಔಷಧಿಗೆ ದಾಟಿಸಿಯೇ ಬಿಡಿಸುತ್ತಾರೆ. ಕಿಡ್ನಿ ಕೆಟ್ಟವರಿಗೆ, ಅದರಲ್ಲೂ ಡಯಾಲಿಸಿಸ್‌ನಲ್ಲಿ ಇರುವವರಿಗೆ ಡೆನೋಸುಮ್ಯಾಬ್‌ನಿಂದ ರಕ್ತದ ಕ್ಯಾಲ್ಸಿಯಂ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಅಮೆರಿಕದ ಎಫ್‌ಡಿಎ (ಔಷಧಿಗಳಿಗೆ ಅನುಮತಿ ಕೊಡುವ ಸಂಸ್ಥೆ) 2024ರ ಜನವರಿಯಲ್ಲಿ ಇದಕ್ಕೇ ಬಾಕ್ಸ್ ಎಚ್ಚರಿಕೆ, ಅಂದರೆ ಲೇಬಲ್‌ನ ಅತಿ ಗಂಭೀರ ಎಚ್ಚರಿಕೆ, ಹಾಕಿಸಿತು.

ಈಗ ನನಗೆ ಇಷ್ಟವಾದ ಭಾಗ, ಟೆರಿಪಾರಟೈಡ್. ಪ್ಯಾರಾಥೈರಾಯ್ಡ್ ಹಾರ್ಮೋನಿನಲ್ಲಿ 84 ಅಮಿನೋ ಆಸಿಡ್ ಇರುತ್ತವೆ, ಇದು ಅದರ ಮೊದಲ 34. ಆ ಹಾರ್ಮೋನ್ ಜಾಸ್ತಿಯಾದರೆ ಮೂಳೆ ಕರಗುತ್ತೆ ಅಂತ ಹಿಂದಿನ ಅಧ್ಯಾಯದಲ್ಲೇ ಓದಿದ್ದೇವೆ, ಅಲ್ವಾ? ಹಾಗಿದ್ದರೆ ಅದೇ ಹಾರ್ಮೋನಿನ ತುಂಡು ಮೂಳೆ ಕಟ್ಟುವುದು ಹೇಗೆ? ಗುಟ್ಟಿರುವುದು ಸಮಯದಲ್ಲಿ. ರಕ್ತದಲ್ಲಿ ಇಡೀ ದಿನ ಏರಿಯೇ ಇದ್ದರೆ ಅಗೆತ ಹೆಚ್ಚುತ್ತದೆ. ದಿನಕ್ಕೊಮ್ಮೆ ಏರಿ ಕೆಲವೇ ಗಂಟೆಗಳಲ್ಲಿ ಇಳಿದುಹೋದರೆ ಕಟ್ಟುವ ಜೀವಕೋಶಗಳಿಗೆ ಹುರುಪು ಬರುತ್ತದೆ. ಟೆರಿಪಾರಟೈಡ್ ಸುಮಾರು ಅರ್ಧ ಗಂಟೆಯಲ್ಲಿ ಗರಿಷ್ಠ ಮಟ್ಟ ಮುಟ್ಟುತ್ತದೆ, ಅದರ ಹಾಫ್ ಲೈಫ್ (ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಬೇಕಾದ ಸಮಯ) ಸುಮಾರು ಒಂದು ಗಂಟೆ. ಅದಕ್ಕೇ ದಿನಾ 20 ಮೈಕ್ರೋಗ್ರಾಂ. ಒಂದು ದಿನ ಮರೆತರೆ ಮರುದಿನ ಎರಡು ಸಲ ಚುಚ್ಚುವ ಹಾಗಿಲ್ಲ.

ತೊಡೆಗೆ ಅಥವಾ ಹೊಟ್ಟೆಗೆ ಮನೆಯಲ್ಲೇ ಚುಚ್ಚಿಕೊಳ್ಳಬಹುದು, ಆದರೆ ಹೇಳಿಕೊಡುವ ಕೆಲಸ ನಮ್ಮದು. ಪೆನ್ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಫ್ರೀಜರ್‌ನಲ್ಲಿ ಇಟ್ಟು ಗಟ್ಟಿಯಾದರೆ ಬಿಸಾಡಬೇಕು. ಶುರು ಮಾಡಿದ ತಾರೀಖನ್ನು ಪೆನ್ನಿನ ಮೇಲೇ ಬರೆಸಿ, ಯಾಕೆಂದರೆ 28 ದಿನ ಆದ ಮೇಲೆ ಒಳಗೆ ಔಷಧಿ ಉಳಿದಿದ್ದರೂ ಬಳಸಬಾರದು. ದುಡ್ಡು ಕೊಟ್ಟದ್ದು ಅಂತ ಉಳಿಸಿಕೊಳ್ಳುವವರು ಇರುತ್ತಾರೆ. ಮೊದಮೊದಲು ಕೆಲವರಿಗೆ ಎದ್ದು ನಿಂತಾಗ ಬಿಪಿ ಇಳಿದು ತಲೆ ಸುತ್ತುತ್ತದೆ. ಕೂತೇ ಚುಚ್ಚಿಕೊಳ್ಳಲಿ, ಪಕ್ಕದಲ್ಲಿ ಮನೆಯವರು ಯಾರಾದರೂ ಇರಲಿ. ಮೂಳೆ ಗಟ್ಟಿಯಾಗಲಿ ಅಂತ ಇಂಜೆಕ್ಷನ್ ತಗೊಂಡು ತಲೆ ಸುತ್ತಿ ಬಿದ್ದರೆ ಏನು ಬಂತು?

ಟೆರಿಪಾರಟೈಡ್ ಅನ್ನು ಸಾಮಾನ್ಯವಾಗಿ ಎರಡು ವರ್ಷ ಮಾತ್ರ ಕೊಡುತ್ತಾರೆ. ಈ ಮಿತಿ ಎಲ್ಲಿಂದ ಬಂತು ಅಂತ ವೈವಾದಲ್ಲಿ ಕೇಳಬಹುದು. ಹೆಚ್ಚು ಡೋಸ್ ಕೊಟ್ಟ ಇಲಿಗಳಲ್ಲಿ ಮೂಳೆ ಕ್ಯಾನ್ಸರ್ ಕಂಡಿತ್ತು, ಅದಕ್ಕೇ ಇದಕ್ಕೂ ಬಾಕ್ಸ್ ಎಚ್ಚರಿಕೆ ಇತ್ತು. ಮನುಷ್ಯರಲ್ಲಿ ಹಾಗೆ ಹೆಚ್ಚಾಗಿದ್ದು ಕಾಣಲಿಲ್ಲ, 2020ರಲ್ಲಿ ಎಫ್‌ಡಿಎ ಆ ಬಾಕ್ಸ್ ಎಚ್ಚರಿಕೆ ತೆಗೆಯಿತು. ಆದರೂ ಎರಡು ವರ್ಷ ದಾಟಿಸುವುದು ಅಪಾಯ ತೀರಾ ಜಾಸ್ತಿ ಇದ್ದವರಿಗೆ ಮಾತ್ರ. ಹಿಂದೆ ಮೂಳೆಗೆ ರೇಡಿಯೇಷನ್ ಆದವರಿಗೆ, ಪ್ಯಾಜೆಟ್ ಅನ್ನುವ ಮೂಳೆ ಕಾಯಿಲೆ ಇರುವವರಿಗೆ ಇದು ಬೇಡ. ನಿಲ್ಲಿಸಿದ ಮೇಲೆ ಸುಮ್ನೆ ಬಿಟ್ಟರೆ ಕಟ್ಟಿದ ಮೂಳೆ ಇಳಿಯತೊಡಗುತ್ತದೆ, ಹಿಂದೆಯೇ ಅಗೆತ ತಡೆಯುವ ಔಷಧಿ ಬೇಕು. ಕ್ರಮ ಉಲ್ಟಾ ಮಾಡಿ ಡೆನೋಸುಮ್ಯಾಬ್ ಆದ ಮೇಲೆ ಟೆರಿಪಾರಟೈಡ್‌ಗೆ ಬದಲಿಸಿದರೆ ಸ್ವಲ್ಪ ಕಾಲ ಸಾಂದ್ರತೆ ಕಡಿಮೆಯೇ ಆಗುತ್ತದೆ.

ಮೂಳೆ ಕಟ್ಟಿಸುವ ಇನ್ನೊಂದು ಇಂಜೆಕ್ಷನ್ ರೋಮೋಸೋಜುಮ್ಯಾಬ್ ಬಗ್ಗೆ ಇಷ್ಟು ಸಾಕು: ತಿಂಗಳಿಗೆ 210 ಮಿಲಿಗ್ರಾಂ, 12 ತಿಂಗಳು, ಕಳೆದೊಂದು ವರ್ಷದಲ್ಲಿ ಹಾರ್ಟ್ ಅಟ್ಯಾಕ್ ಅಥವಾ ಸ್ಟ್ರೋಕ್ ಆಗಿದ್ದರೆ ಬೇಡ. ಇದರ ನಂತರವೂ ಅಗೆತ ತಡೆಯುವ ಔಷಧಿ ಬೇಕೇ ಬೇಕು.

ಜೋಲೆಡ್ರೋನಿಕ್ ಆಗಲಿ ಡೆನೋಸುಮ್ಯಾಬ್ ಆಗಲಿ, ಕೊಡುವ ಮುಂಚೆ ರಕ್ತದ ಕ್ಯಾಲ್ಸಿಯಂ, ವಿಟಮಿನ್ ಡಿ ನೋಡಿ ಕಡಿಮೆ ಇದ್ದರೆ ಸರಿ ಮಾಡುತ್ತಾರೆ. "ದಿನಾ ರಾಗಿಮುದ್ದೆ ತಿಂತೀನಿ, ನನಗ್ಯಾಕೆ?" ಅನ್ನುವವರಿಗೆ ರಾಗಿ ಒಳ್ಳೆಯದೇ ಅನ್ನಿ, ಆದರೆ ಟೆಸ್ಟ್ ಬಿಡಿಸಬೇಡಿ. ಹಲ್ಲು ಕೀಳಿಸುವುದಿದ್ದರೆ ಮೊದಲೇ ಮುಗಿಸಲಿ, ಈ ಎರಡರಲ್ಲೂ ಅಪರೂಪಕ್ಕೆ ದವಡೆ ಮೂಳೆ ವಾಸಿಯಾಗದೆ ಉಳಿಯುತ್ತದೆ. ತುಂಬಾ ವರ್ಷ ತಗೊಂಡವರು ತೊಡೆಯಲ್ಲೋ ತೊಡೆಸಂದಿಯಲ್ಲೋ ಹೊಸದಾಗಿ ನೋವು ಅಂದರೆ ಮುಲಾಮು ಹಚ್ಚಿಸಿ ಕಳಿಸಬೇಡಿ. ತೊಡೆಮೂಳೆ ಒಳಗೊಳಗೇ ಬಿರುಕು ಬಿಡುತ್ತಿರಬಹುದು, ಡಾಕ್ಟರಿಗೆ ತಿಳಿಸಿ. ಎಕ್ಸ್‌ರೇ ಒಂದು ಕಾಲಿನದಲ್ಲ, ಎರಡೂ ಕಾಲಿನದು ಬೇಕಾಗುತ್ತದೆ.